ಹಳೆಯ ರಾಜಧಾನಿಯ ಪೊಲೀಸ್ ತಂಡ

1956ರ ನವೆಂಬರ್ 1ರವರೆಗೆ ಠಾಣಾ ಕುಶನೂರ, ಔರಾದ, ಭಾಲ್ಕಿ ಎಲ್ಲವೂ ಹೈದರಾಬಾದ್ ರಾಜ್ಯದ ಊರುಗಳು. ಆ ಕಾಲದ ಮಾತೆತ್ತಿದರೆ ನಮ್ಮ ಕಡೆ ನಿಜಾಮ, ರಜಾಕಾರರು, 1948ರ ಪೊಲೀಸ್ ಕಾರ್ಯಾಚರಣೆ ಇಷ್ಟಕ್ಕೇ ಕಥೆ ಮುಗಿಯುತ್ತದೆ. ಅದೇ ರಾಜ್ಯದ ರಾಜಧಾನಿ ಹೈದರಾಬಾದಿನ ಪೊಲೀಸರು ಕಟ್ಟಿದ ಫುಟ್‌ಬಾಲ್ ತಂಡವೊಂದು ಇಡೀ ದೇಶವನ್ನು ಸೋಲಿಸಿಕೊಂಡು ಬಂದದ್ದನ್ನು ಬೀದರ ಜಿಲ್ಲೆಯ ಮಕ್ಕಳಿಗೆ ಯಾರೂ ಹೇಳುವುದಿಲ್ಲ. ಹೇಳಬೇಕು. ಹೈದರಾಬಾದ್ ಸಿಟಿ ಪೊಲೀಸ್ ಎಂಬ ಆ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು.

ಆಟವನ್ನೇ ವೃತ್ತಿ ಎಂದು ಕರೆಯುವ ರೂಢಿ ಆಗ ಇಲ್ಲಿರಲಿಲ್ಲ. ಆಟಗಾರನಿಗೆ ಇಲಾಖೆಯ ನೌಕರಿ, ತಿಂಗಳ ಪಗಾರ. ಆ ಭರವಸೆಯ ಮೇಲೆ ಮೈದಾನ. ಬಡವರ ಮನೆಯ ಹುಡುಗರು ಫುಟ್‌ಬಾಲನ್ನು ನೆಚ್ಚಿ ಬದುಕಲು ಸಾಧ್ಯವಾದದ್ದು ಹೀಗೆ.

ತಂಡದ ಹಿಂದಿದ್ದವರು ಸೈಯದ್ ಅಬ್ದುಲ್ ರಹೀಂ, ವೃತ್ತಿಯಿಂದ ಶಾಲಾ ಮಾಸ್ತರರು. 2024ರಲ್ಲಿ ಬಂದ ‘ಮೈದಾನ್’ ಸಿನಿಮಾ ನೋಡಿದವರಿಗೆ ಹೆಸರು ಗೊತ್ತಿರುತ್ತದೆ. ನನಗೆ ಸಿನಿಮಾಕ್ಕಿಂತ ಅವರ ಪಾಠದ ಕ್ರಮವೇ ದೊಡ್ಡದು ಅನಿಸುತ್ತದೆ. ಬಲಗಾಲಿನವರು ಎಡಗಾಲಿನಲ್ಲೇ, ಎಡಗಾಲಿನವರು ಬಲಗಾಲಿನಲ್ಲೇ ಒದೆಯಬೇಕಾದ ಪಂದ್ಯಗಳನ್ನು ಅವರು ಏರ್ಪಡಿಸುತ್ತಿದ್ದರು. ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಓಡುವುದನ್ನು ನಿಷೇಧಿಸಿದ ಪಂದ್ಯಗಳೂ ಇದ್ದವು. ಚೆಂಡು ಬಂದ ಕೂಡಲೇ ಜೊತೆಗಾರನಿಗೆ ದಾಟಿಸಬೇಕು. ಸಿಕಂದರಾಬಾದ್ ಕಡೆಯ ಅಮ್ಮುಗುಡದ ಬಡ ಹುಡುಗ ತುಳಸೀದಾಸ್ ಬಲರಾಮನಿಗೆ ಹೈದರಾಬಾದಿನ ಅಭ್ಯಾಸಕ್ಕೆ ಬರಲು ದಾರಿಯಿರಲಿಲ್ಲ. ಸೈಕಲ್ ಬಾಡಿಗೆಗೆಂದು ರಹೀಂ ಸಾಹೇಬರೇ ದಿನಕ್ಕೊಂದು ರೂಪಾಯಿ ಕೊಟ್ಟು ಕರೆಸಿಕೊಂಡರು.

ಈ ಕ್ರಮದ ಫಲ ಕಂಡದ್ದು 1950ರ ಡ್ಯೂರಾಂಡ್ ಕಪ್ ಫೈನಲ್‌ನಲ್ಲಿ. ಎದುರಿಗೆ ಕಲ್ಕತ್ತೆಯ ಮೋಹನ್ ಬಾಗಾನ್. ಎರಡು ಗೋಲು ಹಿಂದೆ ಬಿದ್ದಿದ್ದ ಪೊಲೀಸರು ಸಮ ಮಾಡಿಕೊಂಡು, ಮರುಪಂದ್ಯದಲ್ಲಿ ಕಪ್ ಎತ್ತಿದರು. 1954ರ ಫೈನಲ್‌ನಲ್ಲಿ ಅವರು ಸೋಲಿಸಿದ್ದು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ತಂಡವನ್ನು. ನಮ್ಮ ಅಂದಿನ ರಾಜಧಾನಿಯ ಎದುರು ನಮ್ಮ ಮುಂದಿನ ರಾಜಧಾನಿ! ಎರಡೇ ವರ್ಷಕ್ಕೆ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು.

ಹಾಗೆ ಸೇರಿ ಸರಿಯಾಗಿ ಒಂದು ತಿಂಗಳಿಗೆ, 1956ರ ಡಿಸೆಂಬರ್ 1ರಂದು, ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ಆಸ್ಟ್ರೇಲಿಯಾವನ್ನು 4-2ರಿಂದ ಮಣಿಸಿತು. ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. ಭಾರತ ಕೊನೆಗೆ ನಾಲ್ಕನೆಯ ಸ್ಥಾನದಲ್ಲಿ ನಿಂತಿತು. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಅದಕ್ಕಿಂತ ಮೇಲೆ ನಾವು ಹೋಗಿಲ್ಲ. ಕೋಚ್ ರಹೀಂ. ಆಟಗಾರರಲ್ಲಿ ಹೈದರಾಬಾದಿನ ನೂರ್ ಮೊಹಮ್ಮದ್, ಅಜೀಜ್, ಸಲಾಂ, ಬಲರಾಮ್. ಬೆಂಗಳೂರಿನ ಮರಿಯಪ್ಪ ಕೆಂಪಯ್ಯ.

ಆಮೇಲೆ ಬಲರಾಮ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು, ಕೆಂಪಯ್ಯ ಮೋಹನ್ ಬಾಗಾನ್ ಸೇರಿದರು. ಒಂದೇ ಊರಿನ ಈ ಎರಡು ತಂಡಗಳ ಹಟ ಇಂದಿಗೂ ಇಳಿದಿಲ್ಲ. ಕಲ್ಕತ್ತೆಯ ಹಟಕ್ಕೆ ಕಾಲು ಕೊಟ್ಟವರಲ್ಲಿ ದಖ್ಖನದ ಹುಡುಗರು ಬಹಳ ಮಂದಿ. ಬೆಂಗಳೂರಿನ ಅಹ್ಮದ್ ಖಾನ್ ಮತ್ತು ಧನರಾಜ್, ಬಲರಾಮ್ ಬರುವ ಮೊದಲೇ ಈಸ್ಟ್ ಬೆಂಗಾಲಿನ ಮುಂಚೂಣಿಯಲ್ಲಿ ಆಡಿದ್ದರು.

1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ರಹೀಂ ಅವರ ಭಾರತ ತಂಡ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಚಿನ್ನ ತಂದಿತು. ಆ ಹೊತ್ತಿಗೆ ಅವರನ್ನು ಕ್ಯಾನ್ಸರ್ ಹಿಡಿದಿತ್ತು. 1963ರ ಜೂನ್‌ನಲ್ಲಿ ತೀರಿಕೊಂಡರು. ಪೊಲೀಸ್ ತಂಡ ಅಷ್ಟರಲ್ಲಿ ಆಂಧ್ರ ಪೊಲೀಸ್ ಆಗಿತ್ತು, ಆ ಹೆಸರಿನಲ್ಲೂ 1961ರಲ್ಲಿ ಡ್ಯೂರಾಂಡ್ ಗೆದ್ದಿತ್ತು. ನಮ್ಮ ಶಾಲೆಗಳ ಪಿ.ಟಿ. ಮಾಸ್ತರರು ರಹೀಂ ಅವರ ಆ ಎಡಗಾಲಿನ ಪಂದ್ಯವನ್ನು ಇವತ್ತೂ ಆಡಿಸಬಹುದು. ಅದಕ್ಕೆ ಒಂದು ಚೆಂಡು, ಒಂದಿಷ್ಟು ಬಯಲು ಇದ್ದರಾಯಿತು.