‘ಆರಾಧನಾ’ ಕಥೆ ವಾಡಿ ಜಂಕ್ಷನ್ನಿನಲ್ಲಿ!

ವಾಡಿ ಜಂಕ್ಷನ್. ರೈಲು ತಡವಾಗಿತ್ತು. ಚಹಾದಂಗಡಿಯಲ್ಲಿ ಶಹಾಬಾದಿನ ಕಲ್ಲುಗಣಿಯ ಹುಡುಗನೊಬ್ಬ ಪಕ್ಕಕ್ಕೆ ಬಂದು ಕೂತ. ಸಿನಿಮಾ ಮಾತಿನ ನಡುವೆ ಒಮ್ಮೆಲೇ ದನಿ ಇಳಿಸಿದ.

‘ಅಣ್ಣಾ, ಅಕಿಗಿ ಏಳು ತಿಂಗಳು. ಲಗ್ನಕ್ಕ ಎರಡೂ ಮನಿಯವರು ಒಪ್ಪವಲ್ಲರು. ಸೇಡಂ ಕಡಿ ಮಕ್ಕಳಿಲ್ಲದವರು ಕೂಸು ತಗೋತಾರಂತ. ರೊಕ್ಕಾನೂ ಕೊಡ್ತಾರಂತ.’

ನನಗೆ 1969ರ ‘ಆರಾಧನಾ’ ನೆನಪಾಯಿತು. ರಾಜೇಶ್ ಖನ್ನಾನ ಹಾಡಿಗೆ ಶಿಳ್ಳೆ ಹೊಡೆಯುವ ನಾವು ಶರ್ಮಿಳಾ ಟ್ಯಾಗೋರ್ ಪಾತ್ರದ ಗತಿಯನ್ನು ಮರೆತೇಬಿಡುತ್ತೇವೆ. ಮರುದಿನ ತಾನೇ ದತ್ತು ಪಡೆಯುವೆನೆಂದು ಕೂಸನ್ನು ಅನಾಥಾಶ್ರಮಕ್ಕೆ ಬಿಟ್ಟಳು. ಅಷ್ಟರಲ್ಲಿ ಬೇರೆಯವರು ಒಯ್ದಿದ್ದರು. ಹೆತ್ತ ಮಗನಿಗೇ ಆಯಾ ಆದಳು!

ಈಗ ದಾರಿ ಬೇರೆ ಇದೆ, ಮಿತ್ರರೇ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಗು ಸಾಕಲಾಗದ ತಾಯಿ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಅದನ್ನು ಒಪ್ಪಿಸಬಹುದು. ಮೊದಲು ಕೂರಿಸಿ ಮಾತಾಡಿಸುತ್ತಾರೆ. ಪತ್ರಕ್ಕೆ ಸಹಿ ಹಾಕಿದ ಮೇಲೂ ಮನಸ್ಸು ಬದಲಿಸಲು 2 ತಿಂಗಳು ಸಮಯ. ಆಮೇಲಷ್ಟೇ ದತ್ತು. ರೊಕ್ಕಕ್ಕೆ ಮಾರಿದರೆ ಮಾತ್ರ 5 ವರ್ಷದವರೆಗೆ ಜೈಲು, 1 ಲಕ್ಷ ದಂಡ. ಚಿತ್ತಾಪುರವಿರಲಿ, ಚಿಂಚೋಳಿಯಿರಲಿ, 1098ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ.

ಇಷ್ಟು ಹೇಳಿ ಕೇಳಿದೆ: ‘ಅಕಿ ಏನಂತಾಳ?’

ಹುಡುಗ ತಲೆ ತಗ್ಗಿಸಿದ. ‘ಅಕಿಗಿ ಯಾರೂ ಕೇಳೇ ಇಲ್ಲಣ್ಣಾ.’

ರೈಲು ಬಂತು. ಅವನು ಹತ್ತಲಿಲ್ಲ. ‘ಮದಲ ಅಕಿಗಿ ಕೇಳ್ತೀನಿ’ ಎಂದು ತಿರುಗಿ ನಡೆದ.