ಕೀಲಿನ ಕಿಚ್ಚು, ಹೃದಯಕ್ಕೆ ಕುತ್ತು

ಮನೆಯ ಗೃಹಿಣಿಯ ಬೆರಳುಗಳು ಬೆಳಗಿನ ಹೊತ್ತು ಬಿಗಿದುಕೊಂಡು, ಕಾಫಿಯ ಲೋಟವನ್ನೂ ಹಿಡಿಯಲಾರದಂತಾದಾಗ, ‘ವಾಯು ಇರಬೇಕು’ ಎಂದು ಎಣ್ಣೆ ನೀವಿ, ಬಿಸಿನೀರಿನ ಶಾಖ ಕೊಟ್ಟು ಸುಮ್ಮನಾಗುವುದು ಅನೇಕ ಸಂಸಾರಗಳ ವಾಡಿಕೆ. ಆದರೆ ಕೀಲುನೋವೆಲ್ಲ ಒಂದೇ ಜಾತಿಯದಲ್ಲ. ವಯಸ್ಸಾದಂತೆ ಕೀಲು ಸವೆದು ಬರುವ ನೋವು ಬೇರೆ. ದೇಹದ ರಕ್ಷಣಾಶಕ್ತಿಯೇ ದಾರಿತಪ್ಪಿ, ತನ್ನವೇ ಆದ ಕೀಲುಗಳ ಮೇಲೆ ದಂಡೆತ್ತಿ ಹೋಗುವುದರಿಂದ ಹುಟ್ಟುವ ಸಂಧಿವಾತ ಬೇರೆ. ಈ ಎರಡನೆಯದನ್ನು ‘ರುಮಟಾಯ್ಡ್ ಆರ್ಥ್ರೈಟಿಸ್’ ಎಂದು 1859ರಲ್ಲಿ ಹೆಸರಿಸಿದವನು ಇಂಗ್ಲೆಂಡಿನ ವೈದ್ಯ ಆಲ್ಫ್ರೆಡ್ ಗ್ಯಾರಡ್. ಇದು ಮುಪ್ಪನ್ನು ಕಾಯುವುದಿಲ್ಲ. ನಡುವಯಸ್ಸಿನಲ್ಲಿಯೇ, ಅದರಲ್ಲೂ ಸ್ತ್ರೀಯರಲ್ಲಿ, ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ.

ಈ ರೋಗದ ಹಾವಳಿ ಕೈಕಾಲುಗಳಿಗೇ ಮುಗಿಯುವುದಿಲ್ಲವೆಂಬುದು ಹಲವರಿಗೆ ತಿಳಿಯದು. ಇಂತಹ ರೋಗಿಗಳಿಗೆ ಹೃದ್ರೋಗದ ಅಪಾಯ ಇತರರಿಗಿಂತ ಸುಮಾರು ಒಂದೂವರೆ ಪಟ್ಟು ಎಂದು ವೈದ್ಯರು ಗಣಿಸುತ್ತಾರೆ. ಕೀಲಿನ ಒಳಪೊರೆಯಲ್ಲಿ ಉರಿಯೂತವನ್ನು ಎಬ್ಬಿಸುವ ದ್ರವ್ಯಗಳು ಅಲ್ಲಿಯೇ ನಿಲ್ಲದೆ ರಕ್ತದೊಡನೆ ದೇಹವನ್ನೆಲ್ಲ ಸುತ್ತುತ್ತವೆ. ರಕ್ತನಾಳಗಳ ಒಳಗೋಡೆಯನ್ನು ಕೆರಳಿಸುತ್ತವೆ. ಅಲ್ಲಿ ಮೇದಸ್ಸು ಬೇಗನೆ ಸಂಚಯವಾಗುತ್ತದೆ. ಒಂದು ದಿನ ಆ ಪದರ ಬಿರಿದು, ರಕ್ತ ಹೆಪ್ಪುಗಟ್ಟಿ, ಹೃದಯದ ದಾರಿ ಮುಚ್ಚಿಹೋಗುತ್ತದೆ.

ಇಲ್ಲೊಂದು ವಿಚಿತ್ರವುಂಟು. ರೋಗ ಉಲ್ಬಣಿಸಿದಾಗ ರಕ್ತದ ಕೊಲೆಸ್ಟರಾಲ್ ಏರುವುದರ ಬದಲು ಇಳಿಯುತ್ತದೆ. ಚಿಕಿತ್ಸೆಯಿಂದ ಉರಿ ತಗ್ಗಿದ ಮೇಲೆ ಮತ್ತೆ ಏರುತ್ತದೆ. ಆದ್ದರಿಂದ ನೋವಿನ ದಿನಗಳಲ್ಲಿ ಮಾಡಿಸಿದ ಪರೀಕ್ಷೆಯ ಕಡಿಮೆ ಅಂಕಿಯನ್ನು ನಂಬಿ ನಿಶ್ಚಿಂತರಾಗುವುದು ತರವಲ್ಲ. ರೋಗ ಶಾಂತವಾಗಿರುವಾಗ ಅಳೆದ ಅಂಕಿಯೇ ನಂಬತಕ್ಕದ್ದು.

ಚಿಕಿತ್ಸೆಯ ಕಥೆಯೂ ಕುತೂಹಲಕರವಾದುದೇ. 1948ರಲ್ಲಿ ಅಮೆರಿಕದ ಫಿಲಿಪ್ ಹೆಂಚ್ ಕಾರ್ಟಿಸೋನನ್ನು ಪ್ರಯೋಗಿಸಿದಾಗ ಹಾಸಿಗೆ ಹಿಡಿದವರು ಎದ್ದು ನಡೆದರು. 1950ರಲ್ಲಿ ಆತನಿಗೆ ಇತರ ಇಬ್ಬರೊಡನೆ ನೊಬೆಲ್ ಪಾರಿತೋಷಕ ಬಂದಿತು. ಆದರೆ ಆ ವರ್ಗದ ಔಷಧಿಗಳನ್ನು ಬಹುಕಾಲ ಸೇವಿಸಿದರೆ ಹೃದಯಕ್ಕೇ ಹಾನಿಯೆಂಬುದು ಕ್ರಮೇಣ ಗೊತ್ತಾಯಿತು. ಇಂದು ಮೊದಲು ಕೊಡುವ ಮದ್ದು ಮೆಥೊಟ್ರೆಕ್ಸೇಟ್. ಭೀಮವರದಲ್ಲಿ ಹುಟ್ಟಿ ಅಮೆರಿಕದಲ್ಲಿ ದುಡಿದ ಯಲ್ಲಾಪ್ರಗಡ ಸುಬ್ಬರಾಯರ ತಂಡದ ಸಂಶೋಧನೆಯಿಂದ ಬಂದ ಔಷಧಿ ಇದು.

2007ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು ವಿಷಯದ ತಿರುಳನ್ನು ತೋರಿಸಿಕೊಟ್ಟಿತು. ಉರಿಯೂತದ ‘ಟಿ.ಎನ್.ಎಫ್.’ ಎಂಬ ದ್ರವ್ಯವನ್ನು ತಡೆಯುವ ಔಷಧಿಯನ್ನು ಪಡೆದವರಲ್ಲಿ, ಆರು ತಿಂಗಳೊಳಗೆ ಯಾರ ಕೀಲುರೋಗ ಮಣಿಯಿತೋ ಅವರಲ್ಲಿ ವರ್ಷಕ್ಕೆ ಸಾವಿರಕ್ಕೆ 3.5ರಂತೆ ಹೃದಯಾಘಾತಗಳಾದರೆ, ಮಣಿಯದವರಲ್ಲಿ 9.4ರಂತೆ ಆದವು. ಔಷಧಿಯ ಸೇವನೆಗಿಂತ ಅದು ಹಿಡಿಯಿತೇ ಇಲ್ಲವೇ ಎಂಬುದೇ ಮುಖ್ಯವೆಂದಾಯಿತು. ಸಂಧಿವಾತವಿಲ್ಲದ ಹೃದ್ರೋಗಿಗಳಿಗೆ ಮೆಥೊಟ್ರೆಕ್ಸೇಟನ್ನು ಕೊಟ್ಟು ನೋಡಿದ ಪ್ರಯೋಗವೊಂದು 2019ರಲ್ಲಿ ಪ್ರಕಟವಾಯಿತು. ಅವರಿಗೆ ಹೃದಯದ ಮಟ್ಟಿಗೆ ಪ್ರಯೋಜನವೇನೂ ಕಾಣಲಿಲ್ಲ. ಎಂದರೆ ಈ ಮದ್ದು ಎಲ್ಲರ ಹೃದಯಕ್ಕೂ ಸಂಜೀವಿನಿಯಲ್ಲ.

ಹೊಸದೆಲ್ಲ ನಿರಪಾಯವೂ ಅಲ್ಲ. ಟೊಫಾಸಿಟಿನಿಬ್ ಎಂಬ ಮಾತ್ರೆಯನ್ನು ಸೇವಿಸಿದ, 50 ದಾಟಿದ ಹಾಗೂ ಹೃದ್ರೋಗಕ್ಕೆ ಬೇರೆ ಕಾರಣಗಳೂ ಇದ್ದ ರೋಗಿಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು ಮೊದಲಾದುವು ಹೆಚ್ಚಾಗಿ ಕಂಡುವೆಂದು 2022ರಲ್ಲಿ ವರದಿಯಾಯಿತು. ಅಂಗಡಿಯಿಂದ ತಂದು ನುಂಗುವ ನೋವಿನ ಗುಳಿಗೆಗಳಲ್ಲಿಯೂ ಅನೇಕವು ಹೃದಯಕ್ಕೆ ಒಳ್ಳೆಯವಲ್ಲ.

ಹೀಗಿರುವಾಗ ಮನೆಯವರು ಮಾಡಬೇಕಾದುದಿಷ್ಟು: ಬೆಳಗಿನ ಬಿಗಿತ ಗಂಟೆಗಟ್ಟಲೆ ಉಳಿದು, ಬೆರಳ ಗೆಣ್ಣುಗಳು ಊದಿಕೊಂಡರೆ ತಡಮಾಡದೆ ತಜ್ಞರಿಗೆ ತೋರಿಸಬೇಕು. ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ ಕೊಡುವ ಮದ್ದು; ಮರೆತು ಪ್ರತಿದಿನ ಕೊಟ್ಟರೆ ಪ್ರಾಣಾಪಾಯ. ನೋವು ಶಮನವಾಯಿತೆಂದು ವೈದ್ಯರನ್ನು ಕೇಳದೆ ಔಷಧಿ ನಿಲ್ಲಿಸಬಾರದು. ಧೂಮಪಾನ ಕೀಲಿಗೂ ಹೃದಯಕ್ಕೂ ಸಮಾನ ಶತ್ರು. ಕೈ ತೋರಿಸಲು ಹೋದ ರೋಗಿ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಕೊಲೆಸ್ಟರಾಲನ್ನೂ ಪರೀಕ್ಷಿಸಿಕೊಂಡೇ ಮನೆಗೆ ಬರುವುದು ಲೇಸು.