ಗೋಡೆಯೊಳಗಿನ ತಂತಿ, ರಂಗದ ಬೆಳಕು

ಸಾಗರದ ಸಮೀಪದ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ ಎಂಬ ರಂಗಸಂಸ್ಥೆಯು, 1985ರಿಂದ ತನ್ನ ತಿರುಗಾಟದ ನಾಟಕಗಳನ್ನು ಊರೂರಿಗೆ ಒಯ್ಯುತ್ತ ಬಂದುದರಿಂದ, ಸಾಗರ, ಹೊಸನಗರ, ತೀರ್ಥಹಳ್ಳಿಗಳ ಪ್ರೇಕ್ಷಕರಿಗೆ ರಂಗದ ಬೆಳಕೆಂಬುದು ಅಪರಿಚಿತ ವಿದ್ಯೆಯಲ್ಲ. ಆದರೆ ಆ ಬೆಳಕಿಗೆ ಅಪ್ಪಣೆಯನ್ನೊಯ್ಯುವ ತಂತಿಯ ಗುಣದೋಷಗಳನ್ನು ವಿಚಾರಿಸುವವರು ವಿರಳ. ಸಭಾಭವನವನ್ನು ಕಟ್ಟುವಾಗಲೇ ಗೋಡೆಯೊಳಗೆ ಹುದುಗಿಸಿದ ಮೈಕಿನ ಕೇಬಲನ್ನೇ, ಪ್ಲಗ್ಗು ಹೊಂದಿತೆಂಬ ಒಂದೇ ಕಾರಣದಿಂದ, ಈ ಕಾರ್ಯಕ್ಕೂ ನಿಯೋಜಿಸುವುದುಂಟು.

1986ರಲ್ಲಿ ಅಮೆರಿಕದಲ್ಲಿ ರೂಪುಗೊಂಡ, ರಂಗದೀಪಗಳನ್ನು ನಿಯಂತ್ರಿಸುವ ಡಿಎಂಎಕ್ಸ್ 512 ಎಂಬ ಪದ್ಧತಿಯಲ್ಲಿ ಸಂಕೇತವು ಸೆಕೆಂಡಿಗೆ 2,50,000 ಬಿಟ್‌ಗಳ ವೇಗದಿಂದ ಹರಿಯುವುದರಿಂದ, ಸುಮಾರು 120 ಓಮ್ ಇಂಪಿಡೆನ್ಸಿನ, ಹುರಿಗೊಳಿಸಿದ ಜೋಡಿತಂತಿ ಅದಕ್ಕೆ ಅವಶ್ಯಕ. ಮೈಕಿನ ಕೇಬಲಿನಲ್ಲಿ ಇಂಪಿಡೆನ್ಸು ಸಾಮಾನ್ಯವಾಗಿ ಕಡಿಮೆ, ಕೆಪಾಸಿಟೆನ್ಸು ಹೆಚ್ಚು; ದೂರ ಬೆಳೆದಂತೆ ಸಂಕೇತದ ಅಂಚು ಮೊಂಡಾಗಿ, ನಾಯಕಿಯ ಶೋಕದ ಮಧ್ಯದಲ್ಲಿಯೇ ದೀಪಗಳು ಮಿಣುಕತೊಡಗಿ, ಕರುಣರಸವು ಹಾಸ್ಯವಾಗಿಬಿಡುವ ಸಂಭವವುಂಟು!

ಪರೀಕ್ಷೆಯು ಕೇಬಲಿನ ಹೊದಿಕೆಯ ಮೇಲೆ ಅಚ್ಚಾದ ಅಕ್ಷರಗಳಿಂದಲೇ ಆರಂಭವಾಗತಕ್ಕದ್ದು, ಏಕೆಂದರೆ ಇಂಪಿಡೆನ್ಸನ್ನು ತಯಾರಕರ ವಿವರಪತ್ರ ಹೇಳಬಲ್ಲುದೇ ಹೊರತು ಎಲೆಕ್ಟ್ರಿಷಿಯನ್ನನ ಮಲ್ಟಿಮೀಟರು ಹೇಳಲಾರದು. ಮೀಟರಿಗೂ ಅದರದೇ ಉಪಯೋಗವಿದೆ: ಆಚೆಯ ತುದಿಯಲ್ಲಿ 120 ಓಮಿನ ರೋಧಕವನ್ನು ಸಿಕ್ಕಿಸಿ, ಉಪಕರಣಗಳನ್ನೆಲ್ಲ ಬಿಚ್ಚಿ, ಈಚೆಯಿಂದ ಅಳೆದಾಗ ಅದಕ್ಕಿಂತ ತುಸುವೇ ಹೆಚ್ಚು ಬಂದರೆ ಹಾದಿ ಅಖಂಡವಾಗಿದೆಯೆಂದೂ, ಬಹಳ ಕಡಿಮೆ ಬಂದರೆ ಇನ್ನೊಂದು ರೋಧಕವೋ ಮಲೆನಾಡಿನ ಮಳೆಯ ತೇವವನ್ನು ಕುಡಿದ ಜೋಡಣೆಯೋ ನಡುವೆ ಅಡಗಿದೆಯೆಂದೂ ತಿಳಿಯಬಹುದು. ಮೀಟರಿಗೆ ಕಾಣದ, ತಂತಿಯ ಕವಲುಗಳನ್ನಂತೂ ಕಣ್ಣಿನಿಂದಲೇ ಹುಡುಕಬೇಕು.

ಕಂಪ್ಯೂಟರಿಗೆಂದು ಎಳೆದ ಕ್ಯಾಟ್-5 ಕೇಬಲು 100 ಓಮಿನದಾದರೂ, ನಡುವೆ ನೆಟ್‌ವರ್ಕ್ ಸ್ವಿಚ್ಚೊಂದು ಇಲ್ಲದಿದ್ದಲ್ಲಿ, ಈ ಕಾರ್ಯಕ್ಕೆ ಚೆನ್ನಾಗಿಯೇ ಒದಗುತ್ತದೆ.